ಜಗಲಿಗೆ ಬಂದ ಲೋಕಚಿತ್ರ

ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳ ಅಡಕೆತೋಟದ ಮನೆಗಳು ಒಂದರಿಂದ ಒಂದು ದೂರ. ನಡುವೆ ಬೆಟ್ಟವೋ ಹಳ್ಳವೋ ಗದ್ದೆಬಯಲೋ ಇರುತ್ತದೆ. ಆಷಾಢದ ಮಳೆಯಲ್ಲಿ ಸಂಜೆಯ ಮೇಲೆ ಪೇಟೆಗೆ ಹೋಗಿ ಚಲನಚಿತ್ರ ನೋಡಿ ಬರುವುದು ಇಲ್ಲಿನವರಿಗೆ ಸುಲಭದ ಕೆಲಸವಾಗಿರಲಿಲ್ಲ. ಈಗ ಚಿತ್ರಗಳೇ ಜಗಲಿಗೆ ಬಂದಿವೆ. ಜಪಾನಿನ ಆನಿಮೆ ಎಂಬ ರೇಖಾಚಿತ್ರಗಳು, ಇರಾನಿನ ಮಕ್ಕಳ ಚಿತ್ರಗಳು, ಕೊರಿಯದ ಧಾರಾವಾಹಿಗಳು, ಎಲ್ಲವೂ ಒಂದೇ ಪರದೆಯ ಮೇಲೆ ಮೂಡುತ್ತವೆ. ವಿದ್ಯುತ್ತು ಇರಬೇಕು, ಇಂಟರ್ನೆಟ್ ಸಿಗಬೇಕು, ಅಷ್ಟೆ. ಮಳೆಗಾಲದಲ್ಲಿ ಈ ಎರಡೂ ಕೂಡಿ ಬರುವುದು ಮಾತ್ರ ಅಪರೂಪ.

ಹಳ್ಳಿಯ ಮನೆಯಲ್ಲಿ ಕುಳಿತು ನೋಡುವವನಿಗೆ ಪರದೇಶದ ಚಿತ್ರಗಳ ಗುಣದೋಷಗಳನ್ನು ಹೇಳುವ ಅಧಿಕಾರ ಎಲ್ಲಿಂದ ಬಂತು ಎಂದು ಕೇಳುವವರುಂಟು. ಹೀಗೆ ಕೇಳುವವರು ಈ ಸೀಮೆಯನ್ನು ಅರಿಯರು. ಇಲ್ಲಿಯ ಜನ ತಲೆತಲಾಂತರದಿಂದ ರಾತ್ರಿಯಿಡೀ ಕುಳಿತು ಯಕ್ಷಗಾನ ನೋಡಿದವರು. ಪ್ರಸಂಗದ ಕಥೆ ಅವರಿಗೆ ಮೊದಲೇ ಗೊತ್ತು; ಮುಂದೇನಾಗುವುದೆಂಬ ಕುತೂಹಲಕ್ಕಾಗಿ ಅವರು ಆಟಕ್ಕೆ ಹೋಗುವುದಿಲ್ಲ. ಭಾಗವತ ಪದವನ್ನು ಹೇಗೆ ಹಾಡಿದ, ವೇಷಧಾರಿ ಅದಕ್ಕೆ ಯಾವ ಅರ್ಥ ಹೇಳಿದ ಎಂಬುದನ್ನು ತೂಗಿ ನೋಡಲು ಹೋಗುತ್ತಾರೆ. ಮರುದಿನ ಅಡಕೆ ಸುಲಿಯುವಾಗ ನಡೆಯುವ ಚರ್ಚೆಯಲ್ಲಿ ಹೆಸರಾಂತ ಕಲಾವಿದರಿಗೂ ರಿಯಾಯಿತಿ ಇರುವುದಿಲ್ಲ. ಇಂಥ ಕಣ್ಣು ಕಿವಿಗಳಿಗೆ ಜಪಾನಿನ ಚಿತ್ರ ಹೊಸದಿರಬಹುದು, ವಿಮರ್ಶೆ ಹೊಸದಲ್ಲ.

ಇದಕ್ಕೆ ನಿದರ್ಶನ ದೂರದಲ್ಲಿಲ್ಲ. ಸಿದ್ದಾಪುರಕ್ಕೆ ನೆರೆಯ ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ 1949ರಲ್ಲಿ ಹುಟ್ಟಿದ ನೀನಾಸಂ ಸಂಸ್ಥೆಯು 1970ರ ದಶಕದಲ್ಲಿ ಚಿತ್ರಸಮಾಜವೊಂದನ್ನು ಕಟ್ಟಿತು. ಕೆ. ವಿ. ಸುಬ್ಬಣ್ಣನವರು ಸತ್ಯಜಿತ್ ರಾಯ್, ಕುರೊಸಾವಾ ಮೊದಲಾದವರ ಚಿತ್ರಗಳನ್ನು ಹಳ್ಳಿಯವರ ಮುಂದಿಟ್ಟರು. ಪುಣೆಯ ಚಲನಚಿತ್ರ ಸಂಸ್ಥೆಯ ಪ್ರಾಧ್ಯಾಪಕ ಸತೀಶ್ ಬಹದ್ದೂರ್ ಅವರು ಅಲ್ಲಿಗೆ ಬಂದು ಚಿತ್ರರಸಗ್ರಹಣದ ಶಿಬಿರಗಳನ್ನು ನಡೆಸಿದರು. ಬಂಗಾಳಿಯಾಗಲಿ ಜಪಾನಿಯಾಗಲಿ ತಿಳಿಯದ ರೈತರು ಆ ಚಿತ್ರಗಳನ್ನು ನೋಡಿದರು, ಚರ್ಚಿಸಿದರು. ಅಂದು ಊರು ಕೂಡಿ ನೋಡಿತು. ಇಂದು ಮನೆಮನೆಯಲ್ಲಿ ಒಬ್ಬೊಬ್ಬರೇ ನೋಡುತ್ತಾರೆ. ವ್ಯತ್ಯಾಸವೇನೂ ಚಿಕ್ಕದಲ್ಲ.

ರೇಖಾಚಿತ್ರಗಳೆಂದರೆ ಮಕ್ಕಳ ಆಟಿಕೆ ಎಂಬ ಭಾವನೆ ನಮ್ಮ ಹಿರಿಯರಲ್ಲಿ ಇನ್ನೂ ಬಲವಾಗಿದೆ. ಹಯಾವೊ ಮಿಯಾಜಾಕಿ ಎಂಬ ಜಪಾನೀ ನಿರ್ದೇಶಕನ 'ಪ್ರಿನ್ಸೆಸ್ ಮೊನೊನೋಕೆ' (1997) ಚಿತ್ರವನ್ನು ಒಮ್ಮೆ ನೋಡಿದವರು ಹಾಗೆ ಹೇಳಲಾರರು. ಕಬ್ಬಿಣ ಕರಗಿಸುವ ಊರೊಂದು ಕಾಡನ್ನು ಕಡಿಯುತ್ತ ಹೋಗುತ್ತದೆ. ಕಾಡಿನ ದೈವಗಳೂ ಮೃಗಗಳೂ ತಿರುಗಿ ಬೀಳುತ್ತವೆ. ಈ ಕಥೆಯನ್ನು ಶಿರಸಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. 1983ರ ಸೆಪ್ಟೆಂಬರಿನಲ್ಲಿ ಸಾಲ್ಕಣಿಯ ಜನ ಕಾಡಿಗೆ ನಡೆದು, ಕೊಡಲಿಗೆ ಗುರಿಯಾಗಿದ್ದ ಮರಗಳನ್ನು ಅಪ್ಪಿಕೊಂಡು ನಿಂತರು. ಗಢವಾಲದ ಚಿಪ್ಕೋ ಚಳವಳಿ ಇಲ್ಲಿ 'ಅಪ್ಪಿಕೋ' ಆಯಿತು. ಬೇಡ್ತಿ ನದಿಯ ಅಣೆಕಟ್ಟಿನ ಯೋಜನೆಯನ್ನು ವಿರೋಧಿಸಿದ ನೆನಪೂ ಯಲ್ಲಾಪುರ, ಶಿರಸಿಗಳ ಹಿರಿಯರಲ್ಲಿ ಇದೆ.

ಆದರೆ ಆ ಚಿತ್ರದ ಹಿರಿಮೆ ಕಾಡಿನ ಪರ ವಾದಿಸಿದ್ದರಲ್ಲಿ ಇಲ್ಲ. ಕಾಡನ್ನು ಕಡಿಸುವ ಒಡತಿ ಎಬೋಶಿ ರಾಕ್ಷಸಿಯಲ್ಲ. ಯಾರಿಗೂ ಬೇಡವಾದ ಹೆಂಗಸರಿಗೂ ಕುಷ್ಠರೋಗಿಗಳಿಗೂ ಕೆಲಸ ಕೊಟ್ಟು, ಅನ್ನ ಕೊಟ್ಟು ಕಾಪಾಡಿದವಳು ಅವಳೇ. ಅವಳ ಊರು ಉಳಿಯಬೇಕಾದರೆ ಕಾಡು ಅಳಿಯಬೇಕು. ಕಾಡು ಉಳಿಯಬೇಕಾದರೆ ಈ ಬಡವರು ಎಲ್ಲಿಗೆ ಹೋಗಬೇಕು? ಒಳ್ಳೆಯವರು ಒಂದು ಕಡೆ, ಕೆಟ್ಟವರು ಇನ್ನೊಂದು ಕಡೆ ಎಂದು ಗೆರೆ ಎಳೆಯುವ ಚಿತ್ರಗಳಿಗೆ ಒಗ್ಗಿದವರು ಇಲ್ಲಿ ತಬ್ಬಿಬ್ಬಾಗುತ್ತಾರೆ. ತಾಳಮದ್ದಳೆ ಕೇಳಿದವರು ಆಗುವುದಿಲ್ಲ. ಮರೆಯಲ್ಲಿ ನಿಂತು ಬಾಣ ಬಿಟ್ಟ ರಾಮನನ್ನು ವಾಲಿ ಪ್ರಶ್ನಿಸುವಾಗ, ಸಮರ್ಥ ಅರ್ಥಧಾರಿಯೊಬ್ಬ ವಾಲಿಯ ಪಕ್ಷ ವಹಿಸಿ ಸಭೆಯನ್ನೇ ತನ್ನ ಕಡೆಗೆ ಒಲಿಸಿಕೊಳ್ಳುವುದನ್ನು ಅವರು ಕಂಡಿದ್ದಾರೆ. ಎದುರಾಳಿಗೂ ಅವನದೇ ನ್ಯಾಯವುಂಟು ಎಂಬುದು ಇಲ್ಲಿ ಹಳೆಯ ಪಾಠ.

ಅದೇ ನಿರ್ದೇಶಕನ 'ಮೈ ನೇಬರ್ ಟೊಟೊರೊ' (1988) ಕುರಿತು ಮನೆಗಳಲ್ಲಿ ಅಭಿಪ್ರಾಯಭೇದವಿದೆ. ಅದರಲ್ಲಿ ಏನೂ ನಡೆಯುವುದೇ ಇಲ್ಲ ಎನ್ನುವವರಿದ್ದಾರೆ. ತಾಯಿ ಆಸ್ಪತ್ರೆಯಲ್ಲಿದ್ದಾಳೆ, ಇಬ್ಬರು ಹೆಣ್ಣುಮಕ್ಕಳು ತಂದೆಯೊಡನೆ ಹಳ್ಳಿಯ ಮನೆಗೆ ಬಂದಿದ್ದಾರೆ. ಒಂದು ಸಂಜೆ ಕೊಡೆ ಹಿಡಿದು, ತಂದೆಯ ಬಸ್ಸಿಗಾಗಿ ಮಳೆಯಲ್ಲಿ ಕಾಯುತ್ತಾರೆ. ಬಸ್ಸು ಬರುವುದಿಲ್ಲ, ಕತ್ತಲಾಗುತ್ತದೆ, ಚಿಕ್ಕವಳು ಅಕ್ಕನ ಬೆನ್ನ ಮೇಲೆ ನಿದ್ದೆಹೋಗುತ್ತಾಳೆ. ಆಗ ಕಾಡಿನ ವಿಚಿತ್ರ ಪ್ರಾಣಿಯೊಂದು ತಲೆಯ ಮೇಲೆ ಎಲೆಯಿಟ್ಟುಕೊಂಡು ಪಕ್ಕದಲ್ಲಿ ಬಂದು ನಿಲ್ಲುತ್ತದೆ. ಮಲೆನಾಡಿನ ಘಟ್ಟದ ರಸ್ತೆಯಲ್ಲಿ ಕೊನೆಯ ಬಸ್ಸಿಗೆ ಕಾದು ನಿಂತ ಮಕ್ಕಳು ಅಲ್ಲಿ ಏನೂ ನಡೆಯಲಿಲ್ಲವೆಂದು ಹೇಳುವುದಿಲ್ಲ. ಅದೇ ವರ್ಷ ಬಂದ, ಇಸಾವೊ ತಕಾಹಾತಾ ನಿರ್ದೇಶಿಸಿದ 'ಗ್ರೇವ್ ಆಫ್ ದ ಫೈರ್‌ಫ್ಲೈಸ್' ಯುದ್ಧಕಾಲದಲ್ಲಿ ಹಸಿವಿಗೆ ತುತ್ತಾದ ಅಣ್ಣತಂಗಿಯರ ಕಥೆ. ಅದನ್ನು ಮಗು ಒಂಟಿಯಾಗಿ ನೋಡಬಾರದು, ದೊಡ್ಡವರೊಬ್ಬರು ಪಕ್ಕದಲ್ಲಿರಬೇಕು. ಇನ್ನು ನೂರಾರು ಕಂತುಗಳ ಕಾಳಗದ ಆನಿಮೆಗಳ ಮಾತು ಬೇರೆ. ಯಕ್ಷಗಾನದ ಯುದ್ಧ ಎಷ್ಟೇ ದೀರ್ಘವಾದರೂ ಬೆಳಗಾಗುವುದರೊಳಗೆ ಮುಗಿಯಲೇಬೇಕು. ಇವಕ್ಕೆ ಬೆಳಗಾಗುವುದೇ ಇಲ್ಲ.

ನಿಜವಾದ ತೊಡಕು ಭಾಷೆಯದು. ಈ ಚಿತ್ರಗಳ ಮಾತು ಜಪಾನಿ, ಕೆಳಗಿನ ಬರಹ ಇಂಗ್ಲಿಷು. ಮೊಮ್ಮಗ ಓದಬಲ್ಲ, ಅಜ್ಜಿ ಓದಲಾರಳು. ಜಪಾನಿನ ಯುಗೊ ಸಾಕೊ ಮತ್ತು ಭಾರತದ ರಾಮ್ ಮೋಹನ್ ಮೊದಲಾದವರು ಕೂಡಿ 1992ರಲ್ಲಿ ಮುಗಿಸಿದ ರಾಮಾಯಣದ ಆನಿಮೆಯು 2025ರ ಜನವರಿಯಲ್ಲಿ ನಮ್ಮ ದೇಶದ ಚಿತ್ರಮಂದಿರಗಳಿಗೆ ಬಂದಾಗ ಹಿಂದಿ, ತಮಿಳು, ತೆಲುಗು, ಇಂಗ್ಲಿಷುಗಳಲ್ಲಿ ಮಾತನಾಡಿತು, ಕನ್ನಡದಲ್ಲಿ ಆಡಲಿಲ್ಲ. ಡಬ್ಬಿಂಗ್ ಬೇಡವೆಂಬ ಕೂಗು 1960ರ ದಶಕದಲ್ಲಿ ಎದ್ದಾಗ ಅದಕ್ಕೆ ಕಾರಣವಿತ್ತು. ಪರಭಾಷಾ ಚಿತ್ರಗಳ ಹೊಡೆತದಲ್ಲಿ ಎಳೆಯ ಕನ್ನಡ ಚಿತ್ರರಂಗ ಉಳಿಯಬೇಕಾಗಿತ್ತು. ಆದರೆ ಕಾನೂನಿನಲ್ಲಿ ಇಲ್ಲದ ಆ ಕಟ್ಟು ಸುಮಾರು ಅರ್ಧ ಶತಮಾನ ಬಾಳಿತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಅದರ ವಿರುದ್ಧ ಆದೇಶ ನೀಡಿದ ಮೇಲೂ ಹಳೆಯ ಸಂಕೋಚ ಪೂರ್ತಿ ಕರಗಿಲ್ಲ. ಬೇಲಿ ಹಾಕಿದ್ದು ಸಸಿಯ ರಕ್ಷಣೆಗೆ. ಮರವಾದ ಮೇಲೂ ಬೇಲಿಯನ್ನೇ ಕಾಯುವುದರಲ್ಲಿ ಅರ್ಥವಿಲ್ಲ. ಲೋಕದ ಒಳ್ಳೆಯ ಚಿತ್ರಗಳನ್ನು ಇಂಗ್ಲಿಷಿನ ಮೂಲಕವೇ ನೋಡಿ ಬೆಳೆದ ಮಗು ಅವುಗಳ ಬಗೆಗೆ ಇಂಗ್ಲಿಷಿನಲ್ಲೇ ಯೋಚಿಸುವುದನ್ನು ಕಲಿಯುತ್ತದೆ. ಮನೆಯವರೊಡನೆ ಆಡಲು ಅದಕ್ಕೆ ಮಾತೇ ಉಳಿಯುವುದಿಲ್ಲ.

ಅಲ್ಲಿಯವರೆಗೆ ಮನೆಗಳು ತಮ್ಮದೇ ಉಪಾಯ ಕಂಡುಕೊಂಡಿವೆ. ಕೆಳಗಿನ ಸಾಲುಗಳನ್ನು ಓದಿಕೊಂಡ ಹುಡುಗ, ಹವ್ಯಕ ಮನೆಯಾದರೆ ಹವ್ಯಕ ಕನ್ನಡದಲ್ಲಿ, ಅಜ್ಜಿಗೆ ಅರ್ಥ ಹೇಳುತ್ತಾನೆ. ಅಜ್ಜಿ ಸುಮ್ಮನೆ ಕೇಳುವವಳಲ್ಲ. ನಡುನಡುವೆ ಆಕ್ಷೇಪ ಎತ್ತುತ್ತಾಳೆ. ಇದು ತಾಳಮದ್ದಳೆಯೇ ಸರಿ, ಮದ್ದಳೆಯೊಂದಿಲ್ಲ.

ಮನೆಯ ನೋಟಕ್ಕೆ ಒಂದು ದುರಭ್ಯಾಸವೂ ಅಂಟಿಕೊಂಡಿದೆ. ಬೇಸರವಾದಲ್ಲಿ ಮುಂದಕ್ಕೆ ಓಡಿಸುವುದು, ಕಥೆ ತಿಳಿಯಿತೆನಿಸಿದ ಕೂಡಲೇ ಆರಿಸುವುದು. ಇರಾನಿನ ಮಜೀದ್ ಮಜೀದಿಯ 'ಚಿಲ್ಡ್ರನ್ ಆಫ್ ಹೆವನ್' (1997) ಚಿತ್ರದಲ್ಲಿ ಅಣ್ಣತಂಗಿಯರಿಬ್ಬರಿಗೂ ಒಂದೇ ಜೊತೆ ಬೂಟು. ಓಟದಲ್ಲಿ ಮೂರನೆಯವನಾದರೆ ಹೊಸ ಬೂಟು ಬಹುಮಾನ. ತಂಗಿಗಾಗಿ ಅದನ್ನು ಗೆಲ್ಲಲೆಂದು ಓಡಿದ ಹುಡುಗ ಮೊದಲನೆಯವನಾಗಿ ಬಿಡುತ್ತಾನೆ, ಅಳುತ್ತಾನೆ. ಚಿತ್ರ ಮುಗಿಯಿತೆಂದು ಅಲ್ಲಿ ಎದ್ದುಹೋದವರು, ಅದು ದುಃಖಾಂತವೆಂದು ವಾದಿಸುತ್ತಾರೆ. ಕೊನೆಯವರೆಗೆ ಕುಳಿತವರು ಮಾತ್ರ ಅಪ್ಪನ ಸೈಕಲ್ಲನ್ನು ನೋಡಿರುತ್ತಾರೆ. ಅದರ ಮೇಲೆ, ಇತರ ಸಾಮಾನುಗಳ ನಡುವೆ, ಎರಡು ಜೊತೆ ಹೊಸ ಬೂಟುಗಳಿವೆ. ಮನೆಯಲ್ಲಿರುವ ಮಕ್ಕಳಿಗೆ ಅದಿನ್ನೂ ಗೊತ್ತಿಲ್ಲ.