ಕೈಗೆ ಹಿಡಿಕಿಯೋ, ಹಿಡಿಕಿಗೆ ಕೈಯೋ?

ವಾಚನಾಲಯದ ಹಿರಿಯರು ಈ ಸಲದ ಪುಸ್ತಕಕ್ಕ ಏನರ ಬರಕೊಡು ಅಂದಾಗ, ಇಂವ ಗೀಗೀ ಪದದ ಮ್ಯಾಲ ಬರೀತಾನ ಅಂತ ಎಲ್ಲಾರೂ ತಿಳಕೊಂಡರು. ನಾನು ಬರಿಯೂದು ಖುರಪಿಯ ಹಿಡಿಕಿ ಮ್ಯಾಲ. ನಗೂವ್ರು ನಗಲಿ. ಏಳನೇತ್ತ ಕಲ್ತಾಂವ ನಾನು, ದೊಡ್ಡ ವಿಷಯ ನನಗ ಬರೂದಿಲ್ಲ. ಆದ್ರ ಐವತ್ತು ವರ್ಷ ಹಗಲೆಲ್ಲಾ ಸಲಿಕಿ ಹಿಡದು ರಾತ್ರಿ ಡಪ್ಪು ಹಿಡದಾಂವ ನಾನು. ಹಿಡಿಯೂದು ಅಂದ್ರ ಏನಂತ ನನಗ ಗೊತ್ತೈತಿ.

ನನ್ನ ವಾದ ಸಣ್ಣದು. ಆಯುಧ ಕೈಗೆ ಹೊಂದಬೇಕು, ಕೈ ಆಯುಧಕ್ಕ ಹೊಂದಬಾರದು. ನಮ್ಮ ಗಡಹಿಂಗ್ಲಜ ಭಾಗದ ಹೊಲದಾಗ ಇದು ತಿರುವು ಮುರುವು ಆಗೇತಿ. ಅದರ ಪೆಟ್ಟು ಬೀಳಾಕತ್ತಿದ್ದು ಹೆಣ್ಣುಮಕ್ಕಳ ಕೈಗೆ.

ಮದಲ ಬಂದೂಕಿನ ಮಾತು ಹೇಳ್ತೀನಿ. ಮಾಸ್ತರು ಹುಬ್ಬು ಏರಸಬಾರದು, ಯಾಕ ಹೇಳಾಕತ್ತೀನಿ ಅಂತ ಆಮ್ಯಾಲ ತಿಳೀತೈತಿ. ಕೊಲ್ಲಾಪುರ ಅಂದ್ರ ಮಂದಿ ಕುಸ್ತಿ, ಚಪ್ಪಲಿ, ಬೆಲ್ಲ ಅಂತಾರ. ಆದ್ರ ಈಗಿನ ಕಾಲದಾಗ ಇದು ಗುರಿಕಾರರ ಜಿಲ್ಲಾ. ತೇಜಸ್ವಿನಿ ಸಾವಂತ 2010ರಾಗ ಮ್ಯೂನಿಕ್‌ನಲ್ಲಿ ರೈಫಲ್ ಹಿಡದು ಜಗತ್ತಿನ ಚಾಂಪಿಯನ್ ಆದ್ರು. ರಾಹಿ ಸರ್ನೋಬತ್ 2018ರ ಏಷ್ಯನ್ ಕ್ರೀಡೆಯೊಳಗ 25 ಮೀಟರ್ ಪಿಸ್ತೂಲಿನಾಗ ಬಂಗಾರ ತಂದ್ರು. ಆ ಕ್ರೀಡಾಕೂಟದ ಗುರಿ ಹೊಡೆಯೂದ್ರಾಗ ಬಂಗಾರ ತಂದ ಮೊದಲನೇ ಭಾರತದ ಹೆಣ್ಣುಮಗಳು ಅವರು. ರಾಧಾನಗರಿ ತಾಲೂಕಿನ ಕಂಬಳವಾಡಿಯ ಸ್ವಪ್ನಿಲ್ ಕುಸಾಳೆ 2024ರ ಆಗಸ್ಟ್ 1ಕ್ಕ ಪ್ಯಾರಿಸ್ ಒಲಿಂಪಿಕ್‌ನಾಗ ಕಂಚು ಹೊಡದ್ರು. ನಮ್ಮಂಥಾ ಒಂದು ಹಳ್ಳಿಯ ಹುಡುಗ ಅಂತ ನಾವೂ ಗುಲಾಲ ಹಾರಿಸಿದ್ವಿ.

ಇವರು ಹಿಡಿಯೂ ಆಯುಧ ನೋಡ್ರಿ. ಸ್ಪರ್ಧೆಯ ಪಿಸ್ತೂಲಿನ ಹಿಡಿಕೆ ಬಹಳ ಮಾಡಿ ಅಕ್ರೋಟದ ಕಟ್ಟಿಗೆಯದು. ಸಣ್ಣ ಕೈಗೆ ಬ್ಯಾರೆ, ದೊಡ್ಡ ಕೈಗೆ ಬ್ಯಾರೆ, ಎಡಗೈಯವರಿಗೆ ಬ್ಯಾರೆ. ತಂದ ಮ್ಯಾಲೂ ಅದು ಮುಗೀಲಿಲ್ಲ. ಎಲ್ಲಿ ಒತ್ತತೈತಿ ಅಲ್ಲಿ ಕಾನಸ್ ಹಾಕಿ ಉಜ್ಜತಾರ, ಎಲ್ಲಿ ಪೊಳ್ಳು ಉಳೀತೈತಿ ಅಲ್ಲಿ ಲಪ್ಪ ತುಂಬಿ ಕೈಯಚ್ಚು ಒತ್ತತಾರ, ಒಣಗಿದ ಮ್ಯಾಲ ಮತ್ತ ಉಜ್ಜತಾರ. ಆಟದ ಕಾಯ್ದೆ ಭಾಳ ಬಿಗಿ. 25 ಮೀಟರಿನ ಪಿಸ್ತೂಲು 1400 ಗ್ರಾಂ ಮೀರಬಾರದು, ಕುದುರೆ ಎಳೆಯೂ ಭಾರ 1000 ಗ್ರಾಮಿಗೆ ಕಡಿಮಿ ಇರಬಾರದು, ಹಿಡಿಕೆ ಮಣಿಕಟ್ಟಿಗೆ ಆಸರಾ ಆಗಬಾರದು. ಆದ್ರ ಮಣಿಕಟ್ಟಿನ ಈಚೆ ಅಂಗೈಗೆ ಹೊಂದಿಸಿಕೊಳ್ಳೂದನ್ನ ಆ ಕಾಯ್ದೆನೂ ತಡದಿಲ್ಲ. ಸ್ವಪ್ನಿಲರ ಆಟದಾಗ ಮೂರು ಭಂಗಿ: ಮಣಕಾಲೂರಿ, ಬೋರಲ ಮಲಗಿ, ನಿಂತು. ಆ ರೈಫಲಿನ ಗಲ್ಲದ ಪಟ್ಟಿ, ಹೆಗಲಿಗೆ ಆನಿಸೂ ತಟ್ಟಿ ಎಲ್ಲಾನೂ ಹಿಂದ ಮುಂದ, ಮ್ಯಾಲ ಕೆಳಗ ಸರಿಸಾಕ ಬರತೈತಿ.

ಇನ್ನ ಪ್ಲಾಸ್ಟಿಕ್ಕಿನ ಪಿಸ್ತೂಲು. ಸೈನ್ಯದಾಗಿಂದ ಬಂದ ನಮ್ಮ ಬೀಗರ ಹುಡುಗ ಇದೇ ವಾಚನಾಲಯದ ಕಟ್ಟಿ ಮ್ಯಾಲ ಕುಂತು ನನಗ ಹೇಳಿದ್ದು ಇದು. ಆಸ್ಟ್ರಿಯಾ ದೇಶದ ಗ್ಲಾಕ್ ಎಂಬ ಪಿಸ್ತೂಲು 1982ರಾಗ ಆ ದೇಶದ ಸೈನ್ಯಕ್ಕ ಬಂತು. ನಳಿಗಿ ಉಕ್ಕಿನದು, ಕೈಯಾಗಿನ ಚೌಕಟ್ಟು ಗಟ್ಟಿ ಪ್ಲಾಸ್ಟಿಕ್ಕಿನದು. ಹಗುರ, ತುಕ್ಕು ಹಿಡಿಯಂಗಿಲ್ಲ. ಆದ್ರ ಅಚ್ಚಿನಾಗ ಸುರದದ್ದು ಎಲ್ಲಾ ಕೈಗೂ ಒಂದ. ಬೆರಳು ಗಿಡ್ಡ ಇದ್ದವರಿಗೆ ಕುದುರೆ ಎಟಕಲಿಲ್ಲ, ಬೆವರಿನ ಕೈಗೆ ಜಾರಿತು. ಹೊರದೇಶದಾಗ ಕೊಂಡವರು ಸುಮ್ಮನ ಕೂಡಲಿಲ್ಲ. ಉಸುಕಿನ ಕಾಗದ ಹಚ್ಚಿ ಉಬ್ಬು ತಗದ್ರು, ಬಿಸಿ ಸಲಾಕಿಯಿಂದ ಚುಕ್ಕಿ ಚುಕ್ಕಿ ಸುಟ್ಟು ಒರಟು ಮಾಡಿದ್ರು, ರಬ್ಬರಿನ ಚೀಲ ತೊಡಿಸಿದ್ರು. ಕಡೀಕ 2010ರಾಗ ಅದೇ ಕಂಪನಿ ಹಿಡಿಕಿಯ ಬೆನ್ನಿನ ತುಂಡು ಬದಲಿಸಾಕ ಬರೂವಂಗ ಮಾಡಿ ಮಾರಿತು. ಎಲ್ಲಾರ ಕೈ ಒಂದ ಅಲ್ಲ ಅಂತ ಒಪ್ಪಾಕ ಅವರಿಗೆ 28 ವರ್ಷ ಹಿಡೀತು. ಆದ್ರ ಒಪ್ಪಿದ್ರು.

ಈಗ ನಮ್ಮ ಹೊಲಕ್ಕ ಬರ್ರಿ.

ಮನುಷ್ಯಾನ್ನ ಕೊಲ್ಲಾಕ ಮಾಡಿದ ಆಯುಧಕ್ಕ ಅಷ್ಟು ಕಾಳಜಿ. ಮನುಷ್ಯಾಗ ಅನ್ನ ಕೊಡೂ ಖುರಪಿಗೆ? ಸಂತ್ಯಾಗ ತಾಡಪತ್ರಿ ಮ್ಯಾಲ ಗುಂಪಿ ಹಾಕಿರತಾರ. ಎಲ್ಲಾ ಹಿಡಿಕಿ ಒಂದ ದಪ್ಪ, ಒಂದ ಉದ್ದ. ಕೊಳ್ಳಾಂವ ಗಂಡಸು, ಹಿಡದು ನೋಡಾಂವ ಗಂಡಸು, ಕಸ ತಗಿಯಾಕಿ ಹೆಂಗಸು! ಶೇಂಗಾದ ಹೊಲದಾಗ, ಮೆಣಸಿನಕಾಯಿ ಸಾಲಿನಾಗ, ಸೋಯಾದಾಗ ಮುಂಜಾನಿಂದ ಸಂಜೀತನಕ ಕುಂಡಿಗಾಲಿಲೆ ಸರಕೋತ ಹೋಗೂ ಆ ತಾಯಂದಿರ ಬಲಗೈ ಒಮ್ಮೆ ನೋಡ್ರಿ. ಅಂಗೈ ನಡುವ ದಡ್ಡು, ಹೆಬ್ಬೆರಳ ಬುಡಕ್ಕ ಗುಳ್ಳಿ. ರಾತ್ರಿ ರೊಟ್ಟಿ ಬಡಿಯೂವಾಗ ಬೆರಳು ಜುಮು ಜುಮು ಅಂತಾವ ಅಂತ ನಮ್ಮ ಮನ್ಯಾಕಿ ಎಷ್ಟೋ ವರ್ಷ ಅಂದಾಳ. ವಾಯುದ ಬ್ಯಾನಿ ಅಂತ ಎಣ್ಣಿ ತಿಕ್ಕಿದ್ದೇ ತಿಕ್ಕಿದ್ದು. ವಾಯು ಅಲ್ಲ ಅದು. ಗಿಡ್ಡ ಹಿಡಿಕಿಯ ತುದಿ ಅಂಗೈ ನಡುವ ನರದ ಮ್ಯಾಲ ದಿನಾ ಒತ್ತಿದ್ರ ಮತ್ತೇನಾಗತೈತಿ? ಹಿಡಿಕಿ ಉದ್ದಂದು ಹಾಕಿಸಿದ ಮ್ಯಾಲ ಆ ಬ್ಯಾನಿ ಅರ್ಧಕ್ಕರ್ಧ ಇಳೀತು.

ಚಪ್ಪಲಿ ಮಾತು ಹೇಳಿದ್ರ ನಮ್ಮ ಗಂಡಸರಿಗೆ ಸಿಟ್ಟು ಬರತೈತಿ, ಬರಲಿ. ಕೊಲ್ಲಾಪುರಿ ಚಪ್ಪಲಿ ಬೇಕಾದ್ರ ಕಾಪಶಿತನಕ ಹೋಗಿ, ಕಾಗದದ ಮ್ಯಾಲ ಪಾದ ಇಟ್ಟು ಗೆರಿ ಹೊಡಿಸಿ, ಹೆಬ್ಬೆರಳಿನ ಉಂಗುರ ಸಡ್ಲ ಆತು ಬಿಗಿ ಆತು ಅಂತ ಎರಡು ಸಲ ಬಿಚ್ಚಿಸಿ ಮಾಡಿಸ್ಕೋತೀವಿ. ಎಂಟು ಜಿಲ್ಲಾದವರು, ಮಹಾರಾಷ್ಟ್ರದ ನಾಕು ಕರ್ನಾಟಕದ ನಾಕು, ಕೂಡಿ ಅದಕ್ಕ ಸರಕಾರದ ಭೌಗೋಳಿಕ ಗುರುತು ತಗೊಂಡಾರ. ಆಗಲಿ, ಹೆಮ್ಮಿ ಐತಿ. ಆದ್ರ ಜಾತ್ರಿಗೆ ಹಾಕ್ಕೊಂಡು ಹೋಗೂ ಕಾಲಿಗೆ ಅಳತಿ, ಎಂಟು ತಾಸು ದುಡಿಯೂ ಕೈಗೆ ಯಾವ ಅಳತೀನೂ ಇಲ್ಲ! ಇದಕ್ಕ ನ್ಯಾಯ ಅಂತೀರೇನು?

ಒಂದು ಕಚೇರಿಯವರು ಕೆಲವು ವರ್ಷದ ಹಿಂದ ಹೆಣ್ಣುಮಕ್ಕಳ ಗುಂಪಿಗೆ ಕುಡಗೋಲು, ಖುರಪಿ ಹಂಚಿದ್ರು. ಫೋಟೋ ಆತು, ಚಹಾ ಆತು. ಬಣ್ಣದ ಪ್ಲಾಸ್ಟಿಕ್ ಹಿಡಿಕಿ, ಮಿರಿ ಮಿರಿ ಮಿಂಚತಿತ್ತು. ಬೆವರು ಹತ್ತಿದ ಕೂಡಲೆ ಜಾರತಿತ್ತು. ದುಂಡಗ ಇದ್ದದ್ದಕ್ಕ ಕೈಯಾಗ ತಿರುಗಿ ಅಲಗು ಅಡ್ಡ ಬೀಳತಿತ್ತು. ಒಬ್ಬಾಕಿ ಎಡಗೈ ಹುಡುಗಿ ಇದ್ಲು. ಹಲ್ಲಿನ ಕುಡಗೋಲಿಗೆ ಸಾಣಿ ಇರೂದು ಒಂದ ಮಗ್ಗಲಿಗೆ, ಅದೂ ಬಲಗೈಯವರಿಗೆ ಅಂತ. ಆಕಿ ಎಳದ್ರ ಅದು ಪೈರನ್ನ ಕೊಯ್ಯದ ಹರೀತಿತ್ತು. ಎಡಚಿ ಅಂತ ಆಕೀನ್ನ ನಕ್ಕರು. ಕುಡಗೋಲಿನ ತಪ್ಪು ಯಾರೂ ಆಡಲಿಲ್ಲ. ತಿಂಗಳೊಪ್ಪತ್ತಿನಾಗ ಆ ಸಾಮಾನೆಲ್ಲಾ ಅಟ್ಟಕ್ಕ ಹೋದವು. ಕೊಟ್ಟವರ ಲೆಕ್ಕದಾಗ ಮಾತ್ರ ಅವು ಇನ್ನೂ ಕೆಲಸ ಮಾಡಾಕತ್ತಿರಬೇಕು.

ಕಬ್ಬಿನ ಹಂಗಾಮಿನಾಗ ಬೀಡ ಕಡೆಯಿಂದ ಗಾಡಿ ಕಟಗೊಂಡು ಬರತಾರಲ್ಲ, ಆ ಕಡಿಯೂ ಮಂದಿ ನಮಗಿಂತ ಶಾಣ್ಯಾರು. ಗಂಡ ಹೆಂಡತಿ ಇಬ್ಬರದೂ ಒಂದೊಂದು ಕೊಯ್ತಾ, ಅದಲಿ ಬದಲಿ ಮಾಡಂಗಿಲ್ಲ. ಹಿಡಿಕಿಗೆ ಸೈಕಲ್ ಟೂಬಿನ ಪಟ್ಟಿ ಸುತ್ತಿರತಾರ, ಆಕಿದು ತೆಳ್ಳಗ, ಆತಂದು ದಪ್ಪ. ಓದಿದವರು ಯಾರೂ ಅವರಿಗೆ ಹೇಳಿಲ್ಲ, ಕೈ ಹೇಳೇತಿ. ಇಚಲಕರಂಜಿಗೆ ಹೋದ ನಮ್ಮೂರ ಹುಡುಗರೂ ಹಂಗ. 12 ತಾಸಿನ ಪಾಳಿ ನಿಂತು ಮಗ್ಗ ನೋಡಬೇಕು. ಮಗ್ಗದ ಎತ್ತರ ಯಾರ ನೋಡಿ ಇಟ್ಟದ್ದೋ ದೇವರಿಗೆ ಗೊತ್ತು, ಗಿಡ್ಡ ಇದ್ದಾಂವ ಕಾಲ ಕೆಳಗ ಹಲಗಿ ಹಾಕ್ಕೊಂಡು ನಿಲ್ಲತಾನ. ಆ ಹಲಗಿ ಮಾಲಕ ಕೊಟ್ಟದ್ದಲ್ಲ, ತಾನ ಹುಡಿಕಿ ತಂದದ್ದು.

"ಕೈ ರೂಢಿ ಆಗತೈತಿ ಬಿಡೋ ಮಾರಾಯಾ" ಅನ್ನೂವ್ರು ಭಾಳ ಮಂದಿ. ಎತ್ತಿನ ಹೆಗಲೂ ರೂಢಿ ಆಗತೈತಿ. ಹಂಗಂತ ನೊಗ ಕೆತ್ತೂ ಬಡಿಗ್ಯಾ ಎತ್ತಿನ ಹೆಗಲು ನೋಡದ ಕೆತ್ತತಾನೇನು? ಸರಿ ಇಲ್ಲದ ನೊಗ ಹೂಡಿದ್ರ ಹೆಗಲು ಬಾಯತೈತಿ, ಎತ್ತು ಹೊರಳಿ ಮಲಗತೈತಿ, ನಮಗ ನಷ್ಟ ಆಗತೈತಿ. ಅದಕ್ಕ ಎತ್ತಿನ ಹೆಗಲು ಕೈಯಾಡಿಸಿ ನೋಡತೀವಿ. ಕೂಲಿಯಾಕಿ ಕೈ ಬಾತ್ರ ನಾಳೆ ಮತ್ತೊಬ್ಬಾಕಿ ಬರತಾಳ, ನಮಗ ನಷ್ಟ ಇಲ್ಲ. ನಿಜ ಇಷ್ಟ.

ಇನ್ನೊಂದು ಮಾತು, "ಅಷ್ಟೆಲ್ಲಾ ಖರ್ಚು ಯಾರು ಮಾಡಬೇಕು?" ಏನ್ ಖರ್ಚು? ಬದುವಿನಾಗ ಜಾಲಿ ಐತಿ. ಟೊಂಗಿ ಕಡದು ನೆರಳಾಗ ಒಣಗಿಸಬೇಕು, ಹಸೀದು ಹಾಕಿದ್ರ ಒಣಗಿ ಕುಗ್ಗಿ ಅಲಗು ಲೊಡ ಲೊಡ ಅಂತೈತಿ. ಆಮ್ಯಾಲ ಕೈ ನೋಡಬೇಕು. ಹಿಡಿಕಿ ಮುಷ್ಟಿ ಮಾಡಿ ಹಿಡದಾಗ ನಡುಬೆರಳಿನ ತುದಿ ಹೆಬ್ಬೆರಳ ಬುಡದ ಉಬ್ಬಿಗೆ ಮುಟ್ಟೂದಕ್ಕ ಚೂರು ಕಡಿಮಿ ಇರಬೇಕು. ಉಗುರು ಚುಚ್ಚಿದ್ರ ತೆಳ್ಳಗಾತು, ಬೆರಳು ದೂರ ಉಳಿದ್ರ ದಪ್ಪ ಆತು. ದಪ್ಪ ಆದ್ರ ಬಿಗಿ ಸಿಗೂದಿಲ್ಲ, ಸಿಗದ ಬಿಗಿಗೆ ಮೊಣಕೈತನಕ ನೋವು. ಉದ್ದ ಅಂದ್ರ ನಾಕು ಬೆರಳು ಕೂತ ಮ್ಯಾಲೂ ಒಂದು ಬೆರಳಷ್ಟು ಹೊರಗ ಉಳೀಬೇಕು, ತುದಿ ಅಂಗೈಯಾಗ ಬರಬಾರದು. ಪೂರಾ ದುಂಡಗ ಬ್ಯಾಡ, ತತ್ತಿ ಹಂಗ ಚೂರು ಚಪ್ಪಟಿ ಇರಬೇಕು. ಕೊಡ್ಲಿ ಕಾವು ನಮ್ಮ ಹಿರಿಯರು ಹಂಗ ಕೆತ್ತಿದ್ದು ಚಂದಕ್ಕಲ್ಲ, ಕತ್ತಲ್ಯಾಗೂ ಅಲಗು ಯಾವ ಕಡೆ ಐತಿ ಅಂತ ಕೈಗೆ ತಿಳೀಲಿ ಅಂತ. ತುದಿಗೆ ಸಣ್ಣ ಉಬ್ಬು ಬಿಟ್ರ ಜಾರಿ ಹೋಗೂದಿಲ್ಲ. ಅರ್ಧ ತಾಸಿನ ಕೆಲಸ.

ನನ್ನ ಡಪ್ಪು ಹಂಗ. ಹಾಡು ಕಲಿಸಿದ ಅಜ್ಜ ನನ್ನ ಕೈ ಸಣ್ಣದು ಅಂತ ಕಟ್ಟಿನ ಒಳಅಂಚು ಗಾಜಿನ ಚೂರಿಲೆ ಹೆರದು ಕೊಟ್ಟಿದ್ದ. ರಾತ್ರಿ ಪೂರಾ ಹಿಡದ್ರೂ ಎಡಗೈ ಬ್ಯಾನಿ ಅನ್ನೂದಿಲ್ಲ. ಬ್ಯಾರೆಯವರ ಡಪ್ಪು ಹಿಡದ್ರ ನಾಕನೇ ಪದಕ್ಕ ತಾಳ ತಪ್ಪತೈತಿ.

ಮದಲ ಈ ಕೆಲಸ ಊರ ಬಡಿಗ್ಯಾರು ಮಾಡತಿದ್ರು, ಸುಗ್ಗ್ಯಾಗ ಕಣದಾಗ ಆಯ ಒಯ್ಯತಿದ್ರು. ಆಯದ ಪದ್ಧತಿ ಭಾಳ ಚಲೋ ಇತ್ತು ಅಂತ ನಾ ಹಾಡಿ ಹೊಗಳೂದಿಲ್ಲ. ವರ್ಷವಿಡೀ ದುಡಿದು ರಾಶಿ ಮುಂದ ಚೀಲ ಹಿಡಕೊಂಡು ಅವರು ನಿಂದರತಿದ್ರು, ಕೊಡೂ ಗೌಡ ಮುಖ ಸಿಂಡರಿಸತಿದ್ದ. ಅದು ಹೋದದ್ದಕ್ಕ ನನಗ ದುಃಖ ಇಲ್ಲ. ಆದ್ರ ಆಯ ಹೋತು ಅಂತ ರೊಕ್ಕಾನರ ಕೊಟ್ವೇನು? ಇಲ್ಲ. ಈಗ ಬಡಿಗ್ಯಾರ ಹುಡುಗ ಕೊಲ್ಲಾಪುರದಾಗ ಪ್ಲಾಯಿವುಡ್ ಕಪಾಟು ಮಾಡತಾನ. ಹಬ್ಬಕ್ಕ ಊರಿಗೆ ಬಂದಾಗ ನಾಕು ಖುರಪಿ ಮುಂದಿಟ್ರ ಇವತ್ತೂ ಅವನ ಬಾಚಿ ಮರತಿಲ್ಲ.

ನನ್ನ ಬೇಡಿಕಿ ಮೂರು ಮಂದಿಗೆ. ಹೊಲದ ಮಾಲಕರೇ, ಕಸಕ್ಕ ಕರಿಯೂ ಮದಲ ಯಾರ್ಯಾರು ಬರತಾರ ಅವರ ಕೈಗೆ ಖುರಪಿ ಮಾಡಿಸ್ರಿ, ಅದು ಆಕಿದ ಆಗಲಿ, ಮನಿಗೆ ಒಯ್ಯಲಿ. ಹಂಚೂವ್ರೇ, ಹಿಡಿಕಿ ಇಲ್ಲದ ಅಲಗು ಹಂಚ್ರಿ, ಹಿಡಿಕಿಯ ರೊಕ್ಕ ಊರ ಬಡಿಗ್ಯಾಗ ಕೊಡ್ರಿ. ಸಾಲಿ ಗುರುಗಳೇ, ಮಕ್ಕಳಿಗೆ ಅಳತಿ ಪಾಠ ಮಾಡೂವಾಗ ಪಟ್ಟಿ ಹಿಡದು ಬೆಂಚು ಅಳಿಸೂದು ಬಿಟ್ಟು, ಒಂದು ದಿನ ಅವರವರ ಅವ್ವನ ಅಂಗೈ, ಅವ್ವನ ಖುರಪಿ ಎರಡನ್ನೂ ಅಳಕೊಂಡು ಬರ್ರಿ ಅನ್ರಿ. ಬರಕೊಂಡು ಬಂದ ಲೆಕ್ಕವನ್ನ ಈ ವಾಚನಾಲಯದ ಗ್ವಾಡಿಗೆ ಅಂಟಿಸೋಣ. ಮಿರಗದ ಮಳಿ ಬೀಳೂಕಿಂತ ಮದಲ ಆದ್ರ, ಈ ವರ್ಷದ ಕಸಕ್ಕ ಹಿಡಿಕಿ ತಯಾರ ಆಗತಾವ. ಜಾಲಿ ಕಟ್ಟಿಗಿ ನಮ್ಮ ಬದುವಿನಿಂದ ನಾ ಕೊಡತೀನಿ, ಒಣಗಿಸಿ ಇಟ್ಟೀನಿ.