ಉಪಗ್ರಹ ನಮ್ಮೂರಿನದು, ದನಿ ಯಾರದು?

2024ರ ನವೆಂಬರ್ 19. ನಮ್ಮಲ್ಲಿ ಆಗಷ್ಟೇ ನಡುರಾತ್ರಿ ದಾಟಿತ್ತು. ಅಮೆರಿಕದ ಕೇಪ್ ಕೆನವೆರಲ್‌ನಿಂದ ಫಾಲ್ಕನ್-9 ರಾಕೆಟ್ ಮೇಲೆದ್ದಿತು. ಅದು ಹೊತ್ತೊಯ್ದದ್ದು ಭಾರತದ ಸಂಪರ್ಕ ಉಪಗ್ರಹ ಜಿಸ್ಯಾಟ್-ಎನ್2 ಅನ್ನು. ತೂಕ 4,700 ಕಿಲೋ. ನಮ್ಮ ರಾಕೆಟ್ಟಿಗೆ ಹೊರಲಾಗದ ಭಾರ, ಅದಕ್ಕೇ ಬಾಡಿಗೆ ರಾಕೆಟ್ಟು.

ರಾಕೆಟ್ಟೇನೋ ಅಮೆರಿಕದ್ದು. ಉಪಗ್ರಹ ಎಲ್ಲಿಯದು? ಬೆಂಗಳೂರಿನದು. ಅದರ ಒಡೆತನದ ಸರ್ಕಾರಿ ಕಂಪನಿ ನ್ಯೂಸ್ಪೇಸ್ ಇಂಡಿಯಾ ಇರುವುದೂ ಬೆಂಗಳೂರಿನಲ್ಲೇ. ರಾಕೆಟ್ಟು ಕೈಬಿಟ್ಟ ಮೇಲೆ ಅದರ ಲಗಾಮು ಹಿಡಿದದ್ದು ಹಾಸನ!

ಗೆಳೆಯರೇ, ಹಾಸನವೆಂದರೆ ಬೇಲೂರು, ಹಳೇಬೀಡಿಗೆ ಬಸ್ಸು ಬದಲಿಸುವ ಊರು ಅಷ್ಟೇ ಅಲ್ಲ. 1982ರಿಂದ ಇನ್ಸಾಟ್ ಉಪಗ್ರಹಗಳ ಪ್ರಧಾನ ನಿಯಂತ್ರಣ ಕೇಂದ್ರ ಇರುವುದು ಅಲ್ಲಿ. ರಾಕೆಟ್ಟು ಉಪಗ್ರಹವನ್ನು ಮೊಟ್ಟೆಯಾಕಾರದ ಕಕ್ಷೆಯೊಂದರಲ್ಲಿ ಬಿಟ್ಟು ಕೈತೊಳೆದುಕೊಳ್ಳುತ್ತದೆ. ಆಮೇಲಿನದೆಲ್ಲ ಹಾಸನದ ಬಾಣಂತನ. ಅಲ್ಲಿಂದ ಹೋಗುವ ಆಜ್ಞೆಯಂತೆ ಉಪಗ್ರಹದ ಎಂಜಿನ್ ಉರಿಯುತ್ತದೆ, ಕಕ್ಷೆ ದುಂಡಗಾಗುತ್ತದೆ. ಕೊನೆಗೆ ಸಮಭಾಜಕ ವೃತ್ತದ ನೆತ್ತಿಯ ಮೇಲೆ, ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ಅದು ನೆಲೆ ನಿಲ್ಲುತ್ತದೆ. ಭೂಮಿ ಒಂದು ಸುತ್ತು ತಿರುಗುವಷ್ಟರಲ್ಲಿ ಅದೂ ಒಂದು ಸುತ್ತು ಬರುವುದರಿಂದ ನಮಗೆ ನಿಂತಲ್ಲೇ ನಿಂತಂತೆ ಕಾಣುತ್ತದೆ. ನಿಮ್ಮ ಮನೆಯ ಮೇಲಿನ ಡಿಶ್ಶನ್ನು ದಿನಾ ತಿರುಗಿಸಬೇಕಾಗಿಲ್ಲದಿರುವುದು ಇದರಿಂದಲೇ.

ಕಟ್ಟಿದ್ದು ಇಲ್ಲಿ, ನಡೆಸುವುದು ಇಲ್ಲಿ. ಆದರೆ ಉಡಾವಣೆಯ ನೇರಪ್ರಸಾರ ನೋಡಿ. ಹೆಚ್ಚಾಗಿ ಕಿವಿಗೆ ಬೀಳುವುದು ಇಂಗ್ಲಿಷು, ಇಲ್ಲವೇ ಹಿಂದಿ. ಹಾಸನದ ಹೈಸ್ಕೂಲು ಹುಡುಗಿ ತನ್ನೂರಿನ ಸಾಹಸವನ್ನು ತನ್ನ ಭಾಷೆಯಲ್ಲಿ ಕೇಳುವಂತಿಲ್ಲ!

'ವಿಜ್ಞಾನಕ್ಕೆ ಭಾಷೆ ಇಲ್ಲ ಸ್ವಾಮಿ' ಎಂದು ಕೆಲವರು ಬುದ್ಧಿ ಹೇಳುತ್ತಾರೆ. ಒಪ್ಪೋಣ. ಉಪಗ್ರಹಕ್ಕೆ ಭಾಷೆ ಇಲ್ಲ, ಕೆಳಗಿನಿಂದ ಏನು ಕಳಿಸುತ್ತೇವೋ ಅದನ್ನೇ ವಾಪಸು ಕಳಿಸುತ್ತದೆ. ಹಾಗಾದರೆ ಯಾವ ಭಾಷೆಯಲ್ಲಿ ಕಳಿಸಬೇಕೆಂದು ತೀರ್ಮಾನಿಸುವವರು ಯಾರು? ನೆಲದ ಮೇಲೆ ಕುರ್ಚಿಯಲ್ಲಿ ಕೂತವರು. ನಮ್ಮ ಜಗಳ ಆಕಾಶದ ಜೊತೆಯಲ್ಲ, ಆ ಕುರ್ಚಿಯ ಜೊತೆ.

ಇದು ಆಗದ ಕೆಲಸವೇ? ಐವತ್ತು ವರ್ಷದ ಹಿಂದೆಯೇ ಆಗಿತ್ತು. 1975ರ ಆಗಸ್ಟ್ 1ರಿಂದ ಒಂದು ವರ್ಷ ಅಮೆರಿಕದ ಎಟಿಎಸ್-6 ಉಪಗ್ರಹದ ಮೂಲಕ ಭಾರತದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ಬಂತು. ನಮ್ಮ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಅದರಲ್ಲಿದ್ದವು. ಅಲ್ಲಿನ ರೈತರು, ಮಕ್ಕಳು ಕನ್ನಡದಲ್ಲಿ ಕಾರ್ಯಕ್ರಮ ನೋಡಿದರು. ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರಲ್ಲಿ! ಒಂದೇ ಚಿತ್ರಕ್ಕೆ ಎರಡು ಭಾಷೆಯ ದನಿ ಜೋಡಿಸಿ ಕಳಿಸುವ ಏರ್ಪಾಟು ಆಗಲೇ ಇತ್ತು. ಪರದೇಶದ ಉಪಗ್ರಹ ಕನ್ನಡ ಮಾತಾಡಿತು. ಈಗ ಉಪಗ್ರಹ ನಮ್ಮದೇ, ಆದರೂ ಕನ್ನಡಕ್ಕೆ ಜಾಗವಿಲ್ಲವೆಂದರೆ ಕೊರತೆ ತಂತ್ರಜ್ಞಾನದ್ದಲ್ಲ, ಮನಸ್ಸಿನದು.

2004ರಲ್ಲಿ ಶಿಕ್ಷಣಕ್ಕೆಂದೇ ಎಜುಸ್ಯಾಟ್ ಹಾರಿತು. ಚಾಮರಾಜನಗರದ ಸರ್ಕಾರಿ ಪ್ರಾಥಮಿಕ ಶಾಲೆಗಳಿಗೆ ಅದರಿಂದ ಪಾಠ ಬಂತು. 2010ರಲ್ಲಿ ಅದರ ಆಯಸ್ಸು ಮುಗಿಯಿತು. ಉಪಗ್ರಹಕ್ಕೆ ಆಯಸ್ಸು ಇದ್ದದ್ದೇ, ಆದರೆ ಕನ್ನಡದ ಪಾಠಕ್ಕೆ ಯಾಕೆ ಇರಬೇಕು?

ಹಿಂದಿಯ ಮೇಲೆ, ಇಂಗ್ಲಿಷಿನ ಮೇಲೆ ನಮಗೆ ಹಗೆಯಿಲ್ಲ. ಕೇಳುವುದು ಮೂರೇ. ಪ್ರತಿ ಉಡಾವಣೆಯ ನೇರಪ್ರಸಾರಕ್ಕೂ ಒಂದು ಕನ್ನಡ ದನಿ ಇರಲಿ. ಬೆಂಗಳೂರು, ಹಾಸನದ ಕೇಂದ್ರಗಳು ಇಲ್ಲಿನ ಜನರೊಂದಿಗೆ ಕನ್ನಡದಲ್ಲಿ ವ್ಯವಹರಿಸಲಿ. ಸರ್ಕಾರಿ ಶಾಲೆಯ ಕನ್ನಡ ಪಾಠಕ್ಕೆ ಉಪಗ್ರಹದಲ್ಲಿ ಕಾಯಂ ಪಾಲು ಸಿಗಲಿ.

ಹುಡುಗರೇ, ಹುಡುಗಿಯರೇ, ನಮಗೂ ಒಂದು ಕೆಲಸವಿದೆ. ಮೊದಲ ಭಾರತೀಯ ಉಪಗ್ರಹ ಆರ್ಯಭಟದ ಮುಂದಾಳು ಯು.ಆರ್. ರಾವ್ ಉಡುಪಿ ಬಳಿಯ ಅದಮಾರಿನಲ್ಲಿ ಹುಟ್ಟಿದವರು. ಬೆಂಗಳೂರಿನ ಉಪಗ್ರಹ ಕೇಂದ್ರಕ್ಕೆ ಇಂದು ಅವರದೇ ಹೆಸರು. ನಾಳೆ ಆ ಕೇಂದ್ರಗಳ ಒಳಗೆ ಹೋಗುವವರು ನೀವಾಗಬೇಕು, ಹೋದ ಮೇಲೆ ಕನ್ನಡವನ್ನು ಗೇಟಿನ ಹೊರಗೆ ಬಿಟ್ಟು ಹೋಗಬಾರದು. ನವೆಂಬರಿನಲ್ಲಿ ಬಾವುಟ ಹಾರಿಸಿದರೆ ಸಾಲದು. ಮುಂದಿನ ಉಪಗ್ರಹ ಹಾರುವಾಗ ಎಣಿಕೆ ಕನ್ನಡದಲ್ಲೂ ಕೇಳಬೇಕು: ಮೂರು, ಎರಡು, ಒಂದು!