ಜಪಾನಿನಲ್ಲಿ ಕೆಲಸ ಸಿಕ್ಕೀತು, ನೆರೆಹೊರೆ ಸಿಕ್ಕೀತೇ?

ರಾಮನಗರ: ಭಾರತ ಮತ್ತು ಜಪಾನ್ ನಡುವೆ ಐದು ವರ್ಷಗಳಲ್ಲಿ 5 ಲಕ್ಷಕ್ಕೂ ಹೆಚ್ಚು ಜನರ ವಿನಿಮಯ. ಆ ಪೈಕಿ ಭಾರತದಿಂದ ತೆರಳುವ 50 ಸಾವಿರ ಮಂದಿ ನುರಿತ ಕೆಲಸಗಾರರು ಹಾಗೂ ಪ್ರತಿಭಾವಂತರು. 2025ರ ಆಗಸ್ಟ್‌ನಲ್ಲಿ ಪ್ರಧಾನಿ ನರೇಂದ್ರ ಮೋದಿ ಅವರು ಟೋಕಿಯೊಗೆ ಭೇಟಿ ನೀಡಿದಾಗ ಪ್ರಕಟವಾದ ಕ್ರಿಯಾ ಯೋಜನೆಯ ಗುರಿಯಿದು.

ಈ ಅವಕಾಶ ರಾಮನಗರ ಸೀಮೆಯ ಯುವಜನರ ಕಿವಿ ನೆಟ್ಟಗಾಗಿಸಿದರೆ ಆಶ್ಚರ್ಯವಿಲ್ಲ. 1997ರಲ್ಲಿ ಸ್ಥಾಪನೆಯಾದ ಟೊಯೋಟ ಕಿರ್ಲೋಸ್ಕರ್ ಕಂಪನಿಯ ಬಿಡದಿ ಕಾರ್ಖಾನೆ 1999ರ ಡಿಸೆಂಬರ್‌ನಲ್ಲಿ ಉತ್ಪಾದನೆ ಆರಂಭಿಸಿತು. 2007ರಲ್ಲಿ ಆರಂಭವಾದ ಅದರ ತಾಂತ್ರಿಕ ತರಬೇತಿ ಸಂಸ್ಥೆಯು ಎಸ್ಸೆಸ್ಸೆಲ್ಸಿ ಮುಗಿಸಿದ ಗ್ರಾಮೀಣ ಮಕ್ಕಳನ್ನು ತಯಾರು ಮಾಡುತ್ತಿದೆ. 'ಕೈಜೆನ್' ಎಂಬ ಪದ ಇಲ್ಲಿನವರಿಗೆ ಹೊಸದಲ್ಲ. ಆದರೆ ಕಾರ್ಖಾನೆಯ ಗೇಟಿನೊಳಗಿನ ಜಪಾನ್ ಬೇರೆ, ಗೇಟಿನಾಚೆಯ ಜಪಾನ್ ಬೇರೆ.

2019ರ ಏಪ್ರಿಲ್‌ನಲ್ಲಿ ಜಪಾನ್ 'ನಿರ್ದಿಷ್ಟ ಕೌಶಲ'ದ ಕೆಲಸಗಾರರಿಗೆ ಹೊಸ ವೀಸಾ ಜಾರಿಗೆ ತಂದಿತು. 2021ರ ಜನವರಿಯಲ್ಲಿ ಭಾರತವೂ ಈ ಬಗ್ಗೆ ಒಪ್ಪಂದ ಮಾಡಿಕೊಂಡಿತು. ಇದರ ಮೊದಲ ದರ್ಜೆಯಲ್ಲಿ ಹೋದವರು ಸಾಮಾನ್ಯವಾಗಿ ಗರಿಷ್ಠ 5 ವರ್ಷ ಇರಬಹುದು. ಹೆಂಡತಿ ಮಕ್ಕಳನ್ನು ಕರೆದೊಯ್ಯುವಂತಿಲ್ಲ. ಭಾಷೆಯ ಪ್ರಾಥಮಿಕ ಪರೀಕ್ಷೆ ಪಾಸಾದರೆ ಸಾಕು. ಅಂದರೆ ಅರೆಬರೆ ಭಾಷೆಯೊಂದಿಗೆ ಒಂಟಿಯಾಗಿ ಐದು ವರ್ಷ! ಸ್ಥಳೀಯರೊಂದಿಗೆ ಒಡನಾಟಕ್ಕೆ ನೆರವಾಗುವುದನ್ನೂ ಉದ್ಯೋಗದಾತರ ಕಡ್ಡಾಯ ಹೊಣೆಗಳ ಪಟ್ಟಿಗೆ ಅಲ್ಲಿನ ಸರ್ಕಾರ ಸೇರಿಸಿದೆ. ಸ್ನೇಹ ಅಲ್ಲಿ ತಾನಾಗಿ ಒದಗುವುದಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ನಮ್ಮಲ್ಲಿ ಪಕ್ಕದ ಮನೆಯವರು ಹೇಳದೆ ಕೇಳದೆ ಬಂದು ಕಾಫಿ ಕುಡಿದು ಹೋಗುತ್ತಾರೆ. ಅಲ್ಲಿ ಮುನ್ಸೂಚನೆಯಿಲ್ಲದ ಭೇಟಿ ಮುಜುಗರದ ಸಂಗತಿ. ಮನದ ಮಾತು 'ಹೊನ್ನೆ', ಜನರೆದುರಿನ ಮಾತು 'ತತೆಮಾಯೆ'. ಇವೆರಡರ ಅಂತರ ಅರಿಯದ ಹೊಸಬ, ಸೌಜನ್ಯವನ್ನೇ ಸ್ನೇಹವೆಂದು ಭಾವಿಸಿ ನಿರಾಶನಾಗುವ ಸಾಧ್ಯತೆ ಹೆಚ್ಚು.

ಸಾಫ್ಟ್‌ವೇರ್ ಎಂಜಿನಿಯರುಗಳು ಇದಕ್ಕೊಂದು ಸುಲಭ ದಾರಿ ಕಂಡುಕೊಂಡರು. 2000ದ ಆಸುಪಾಸಿನಲ್ಲಿ ಟೋಕಿಯೊದ ನಿಶಿ ಕಸಾಯ್‌ನಲ್ಲಿ ನೆಲೆಸತೊಡಗಿದ ಅವರ ಸುತ್ತ ದಿನಸಿ ಅಂಗಡಿ, ಹೋಟೆಲು, ಶಾಲೆಗಳು ಬೆಳೆದವು. ಆದರೆ ಸಣ್ಣ ಪಟ್ಟಣದ ವೃದ್ಧಾಶ್ರಮದಲ್ಲೋ ಕಾರ್ಖಾನೆಯಲ್ಲೋ ದುಡಿಯುವವನಿಗೆ ಅಂಥ ಆಸರೆ ಎಲ್ಲಿಂದ ಬರಬೇಕು?

ಅವನಿಗಿರುವ ಮುಖ್ಯ ದಾರಿ 'ಚೊನೈಕಾಯ್', ಅಂದರೆ ಬೀದಿಯ ನಿವಾಸಿಗಳ ಸಂಘ. ಕಸ ಹಾಕುವ ಜಾಗದ ಶುಚಿತ್ವ, ಭೂಕಂಪದ ಅಣಕು ಕಾರ್ಯಾಚರಣೆ, ಊರಹಬ್ಬ ಎಲ್ಲವೂ ಇದರ ಉಸ್ತುವಾರಿ. ಸ್ವಯಂಸೇವಕರು ನಡೆಸುವ ಭಾಷಾ ತರಗತಿಗಳೂ ಹಲವು ಊರುಗಳಲ್ಲಿವೆ. ಭಾರತ ಮೂಲದ ಪುರಾಣಿಕ್ ಯೋಗೇಂದ್ರ ಅವರು ಸ್ಥಳೀಯರೊಂದಿಗೆ ಬೆರೆತು, 2019ರಲ್ಲಿ ನಿಶಿ ಕಸಾಯ್ ಇರುವ ಎದೊಗಾವಾ ವಾರ್ಡ್‌ನ ಸ್ಥಳೀಯ ಸಭೆಗೇ ಆಯ್ಕೆಯಾದರು.

ಈ ಒಡನಾಟ ಈಗ ಇನ್ನಷ್ಟು ಅಗತ್ಯ. 2024ರ ಅಂತ್ಯಕ್ಕೆ ಜಪಾನಿನಲ್ಲಿದ್ದ ವಿದೇಶೀಯರ ಸಂಖ್ಯೆ 37 ಲಕ್ಷ ದಾಟಿತ್ತು. ಜನಸಂಖ್ಯೆಯ ಶೇ 3ರಷ್ಟೇ ಆದರೂ, 'ಜಪಾನೀಯರೇ ಮೊದಲು' ಎಂದ ಸನ್ಸೈತೊ ಪಕ್ಷ 2025ರ ಜುಲೈ ಚುನಾವಣೆಯಲ್ಲಿ ಮೇಲ್ಮನೆಯ 14 ಸ್ಥಾನ ಗೆದ್ದಿತು. ಇಂಥ ಹೊತ್ತಿನಲ್ಲಿ ಪರದೇಶದವನಿಗೆ ವೀಸಾ ಎಷ್ಟು ಮುಖ್ಯವೋ, ಅವನನ್ನು ಹೆಸರು ಹಿಡಿದು ಬಲ್ಲ ನಾಲ್ಕು ನೆರೆಮನೆಗಳೂ ಅಷ್ಟೇ ಮುಖ್ಯ.

ಆದ್ದರಿಂದ ತರಬೇತಿಯು ವ್ಯಾಕರಣ, ವೆಲ್ಡಿಂಗ್‌ಗಳಿಗೆ ಸೀಮಿತವಾಗಬಾರದು. ಕಸ ವಿಂಗಡಣೆಯಿಂದ ಹಿಡಿದು ಬೀದಿಯ ಸಂಘ ಸೇರುವವರೆಗಿನ ಪಾಠವೂ ಅದರಲ್ಲಿರಬೇಕು. ಮಕ್ಕಳನ್ನು ಕಳಿಸುವ ಪೋಷಕರು ಸಂಬಳವೆಷ್ಟು ಎಂದು ಕೇಳುವುದು ಸಹಜ. ಅಲ್ಲಿ ಜತೆಗೆ ಯಾರಿರುತ್ತಾರೆ ಎಂಬ ಪ್ರಶ್ನೆಯನ್ನೂ ಕೇಳುವುದು ಒಳಿತು.